ಮುಲ್ಕಿ ಪರೀಕ್ಷೆಯಿಂದ ರಾತ್ರಿ ಹೈಸ್ಕೂಲಿನವರೆಗೆ

ಮುಂಬಯಿ ಕನ್ನಡಿಗರ ಚರಿತ್ರೆ ಅಂದ ಕೂಡಲೇ ಊರಿನ ಓದುಗರಿಗೆ ನೆನಪಾಗುವುದು ಹೋಟೆಲು. ಆಮೇಲೆ ಯಕ್ಷಗಾನ, ಸಂಘಸಂಸ್ಥೆ, ಸನ್ಮಾನ. ರಾತ್ರಿ ಶಾಲೆಯ ಹೆಸರೂ ಎಲ್ಲೋ ಒಂದು ಸಾಲಿನಲ್ಲಿ ಬರುತ್ತದೆ. ಹಗಲು ಕಪ್ಪು ಬಸಿ ತೊಳೆದವನು ರಾತ್ರಿ ಓದಿ ದೊಡ್ಡ ಮನುಷ್ಯನಾದ ಎಂಬ ಕಥೆಯನ್ನು ನಾವು ಎಷ್ಟು ಸಲ ಕೇಳಿದ್ದೇವೆಂದರೆ ಅದು ಈಗ ಪುರಾಣದ ಹಾಗೆ ಆಗಿಬಿಟ್ಟಿದೆ. ಆದರೆ ಆ ಹುಡುಗ ಎಂಟನೇ ತರಗತಿಗೆ ಬಂದು ಕೂರುವಾಗ ಜೊತೆಯಲ್ಲಿ ಏನು ತಂದಿದ್ದ, ಯಾವುದು ಅವನ ಕೈ ಹಿಡಿಯಿತು, ಅದೇ ಬೆಂಚಿನಲ್ಲಿ ಕೂತ ಇನ್ನೊಬ್ಬ ಆರು ತಿಂಗಳಲ್ಲಿ ಯಾಕೆ ಮಾಯವಾದ, ಇದನ್ನು ಕೇಳುವವರು ಕಡಿಮೆ. ಉತ್ತರ ಬಹುಮಟ್ಟಿಗೆ ಹೈಸ್ಕೂಲಿನಲ್ಲಿಲ್ಲ, ಅದರ ಹಿಂದಿನ ಮೂರು ವರ್ಷಗಳಲ್ಲಿದೆ. ಐದು, ಆರು, ಏಳು. ನಮ್ಮ ಹಳಬರು ಮಿಡ್ಲ್ ಸ್ಕೂಲು ಅಂತ ಕರೆಯುತ್ತಿದ್ದ ಆ ಮೂರು ವರ್ಷಗಳ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕಾಗಿದೆ.

ಮೊದಲು ಒಂದು ಹಳೆಯ ವಿಷಯ. ಇವತ್ತು ನಾವು ಏಳನೇ ತರಗತಿಯನ್ನು ಎಂಟನೆಯದರ ಹಿಂದಿನ ಮೆಟ್ಟಿಲು ಅಂತ ತಿಳಿಯುತ್ತೇವೆ. ಬ್ರಿಟಿಷರ ಕಾಲದಲ್ಲಿ ಹಾಗಿರಲಿಲ್ಲ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಕಡೆ ಏಳನೇ ಇಯತ್ತೆಯ ಕೊನೆಗೆ ಒಂದು ಪರೀಕ್ಷೆ. ಸರಕಾರಿ ಕಾಗದದಲ್ಲಿ ಅದರ ಹೆಸರು ವರ್ನಾಕ್ಯುಲರ್ ಫೈನಲ್, ಜನರ ಬಾಯಲ್ಲಿ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದವನು ಪ್ರಾಥಮಿಕ ಶಾಲೆಯ ಮಾಸ್ತರನಾಗಬಹುದಿತ್ತು, ತಲಾಠಿಯಾಗಬಹುದಿತ್ತು. ಹೆಸರಿನಲ್ಲೇ 'ಫೈನಲ್' ಇದೆ, ನೋಡಿ. ಅಲ್ಲಿಗೆ ವಿದ್ಯೆ ಮುಗಿಯಿತು ಅಂತಲೇ ಲೆಕ್ಕ. ಮುಂದೆ ಇಂಗ್ಲಿಷ್ ಹೈಸ್ಕೂಲು, ಅದರ ಕೊನೆಗೆ 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯ ನಡೆಸುತ್ತಿದ್ದ ಮೆಟ್ರಿಕ್. ಅದು ಬೇರೆಯೇ ಜನರಿಗೆ, ಬೇರೆಯೇ ಊರುಗಳಲ್ಲಿ. ಕನ್ನಡದಲ್ಲಿ ಓದಿದವರ ದಾರಿ ಒಂದು, ಇಂಗ್ಲಿಷಿಗೆ ಹೋದವರ ದಾರಿ ಇನ್ನೊಂದು. ಎರಡಕ್ಕೂ ನಡುವೆ ಸೇತುವೆ ಅಂತ ಸರಿಯಾದದ್ದು ಇರಲಿಲ್ಲ.

ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತದಲ್ಲಿತ್ತು. ಅಲ್ಲಿ ಹೈಯರ್ ಎಲಿಮೆಂಟರಿ ಶಾಲೆ ಎಂಟನೆಯವರೆಗೆ, ಕೊನೆಗೆ ಇ.ಎಸ್.ಎಲ್.ಸಿ. ಎಂಬ ಪರೀಕ್ಷೆ. ಮೈಸೂರು ಸಂಸ್ಥಾನದಲ್ಲಿ ಮಿಡ್ಲ್ ಸ್ಕೂಲು, ಲೋಯರ್ ಸೆಕೆಂಡರಿ ಪರೀಕ್ಷೆ. ನಿಜಾಮರ ಸೀಮೆಯ ಗುಲಬರ್ಗಾ, ರಾಯಚೂರಿನ ಹುಡುಗನಿಗೆ ಮೇಲಿನ ತರಗತಿಗೆ ಹೋದರೆ ಉರ್ದು ಮಾಧ್ಯಮ. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು ನಿಜ, ಆದರೆ ಅಷ್ಟರೊಳಗೆ ಮುಂಬಯಿಗೆ ಬಂದು ಸೇರಿದ್ದ ಕನ್ನಡದ ಹುಡುಗರು ನಾಲ್ಕು ತರಹದ ಶಾಲೆಗಳಿಂದ, ನಾಲ್ಕು ತರಹದ ಸರ್ಟಿಫಿಕೇಟು ಹಿಡಿದು ಬಂದವರು. ಹಲವರಿಗೆ ಸರ್ಟಿಫಿಕೇಟೇ ಇರಲಿಲ್ಲ. ನಾಲ್ಕನೆಯದೋ ಐದನೆಯದೋ ಅರ್ಧಕ್ಕೆ ಬಿಟ್ಟು, ಮಾವನ ಜೊತೆಗೋ ಊರಿನ ಯಾರದೋ ಜೊತೆಗೋ ಹಡಗು ಹತ್ತಿದವರು. ಕರಾವಳಿಯ ಆ ಹಡಗು ಮಳೆಗಾಲದಲ್ಲಿ ನಿಂತುಬಿಡುತ್ತಿತ್ತು. ಬಂದವನಿಗೆ ಬೇಗ ಹಿಂದೆ ಹೋಗುವ ಉಪಾಯವೂ ಇರಲಿಲ್ಲ.

ಇವರಿಗಾಗಿ ಹುಟ್ಟಿದ್ದು ರಾತ್ರಿ ಶಾಲೆ. ರಾತ್ರಿ ಶಾಲೆಯ ಕಲ್ಪನೆ ನಮ್ಮದೇ ಅಂತ ಹೇಳುವ ಹಾಗಿಲ್ಲ. ಪುಣೆಯಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ದಂಪತಿ 1855ರಲ್ಲೇ ದುಡಿಯುವವರಿಗಾಗಿ ರಾತ್ರಿ ಪಾಠ ಶುರು ಮಾಡಿದ್ದರು. ಮುಂಬಯಿ ಕನ್ನಡಿಗರಲ್ಲಿ ಮೊದಲು ಎದ್ದವರು ಮೊಗವೀರರು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡು, ಕೆಲವೇ ವರ್ಷಗಳಲ್ಲಿ ಉಚಿತ ರಾತ್ರಿ ಶಾಲೆ ತೆರೆದರು. ಕಡಲನ್ನೇ ನಂಬಿದ ಸಮಾಜ ಅದು. ತಮ್ಮ ಊರಿನಲ್ಲಿ ಶಾಲೆಯ ಮೆಟ್ಟಿಲು ಹತ್ತಲು ಕಷ್ಟಪಟ್ಟವರೇ ಇಲ್ಲಿ ಎಲ್ಲ ಜಾತಿಯ ಹುಡುಗರಿಗೂ ಬೆಂಚು ಹಾಕಿದರು ಎಂಬುದನ್ನು ನಾವು ಮರೆಯಬಾರದು. ಮುಂದೆ ಬಿಲ್ಲವರು, ಬಂಟರು, ಇತರರು ತಮ್ಮ ತಮ್ಮ ಸಂಘ ಕಟ್ಟಿಕೊಂಡಾಗ ಶಾಲೆ, ವಿದ್ಯಾರ್ಥಿವೇತನ ಇವು ಕಾರ್ಯಕ್ರಮದ ಭಾಗವೇ ಆದವು. ಫೋರ್ಟ್‌ನಿಂದ ವಡಾಲದವರೆಗೆ, ಚೆಂಬೂರಿನವರೆಗೆ ಕನ್ನಡ ಶಾಲೆಗಳು ಬಂದವು. ರಾತ್ರಿ ಶಾಲೆಗೆ ಸ್ವಂತ ಕಟ್ಟಡ ಇದ್ದದ್ದು ಕಡಿಮೆ. ಹಗಲು ಮುನಿಸಿಪಾಲಿಟಿಯ ಶಾಲೆ ನಡೆಯುತ್ತಿದ್ದ ಕೋಣೆಯಲ್ಲೇ ಸಂಜೆ ದೀಪ ಹಾಕಿ ಪಾಠ. ಕಲಿಸುವವರು ಆಫೀಸು, ಬ್ಯಾಂಕು ಮುಗಿಸಿ ನೇರ ಬರುತ್ತಿದ್ದ ಗುಮಾಸ್ತರು, ಹಗಲು ಬೇರೆ ಶಾಲೆಯಲ್ಲಿ ದುಡಿದು ಬಂದ ಮಾಸ್ಟ್ರುಗಳು.

ಈಗ ಆ ತರಗತಿಯ ಒಳಗೆ ಬನ್ನಿ. ಹದಿನೈದು ವರ್ಷದ ಮಾಣಿ. ಬೆಳಿಗ್ಗೆ ಐದಕ್ಕೆ ಎದ್ದವನು. ಬಾಯಿಲೆಕ್ಕದಲ್ಲಿ ಅವನನ್ನು ಸೋಲಿಸುವವರಿಲ್ಲ. ನಾಲ್ಕು ಜನ ತಿಂದದ್ದನ್ನು ನೆನಪಿನಲ್ಲೇ ಕೂಡಿಸಿ ಗಲ್ಲಾದವರಿಗೆ ಕೇಳುವ ಹಾಗೆ ಮೊತ್ತ ಕೂಗುವವನು. ಅವನಿಗೆ ಎಂಟನೆಯ ತರಗತಿಯ ಬೀಜಗಣಿತ ಯಾಕೆ ಕಷ್ಟ? ಮೂರು ದೋಸೆ, ಎರಡು ಕಾಫಿಗೆ 2 ರೂಪಾಯಿ 30 ಪೈಸೆ, ಕಾಫಿಗೆ 25 ಪೈಸೆಯಾದರೆ ದೋಸೆಗೆಷ್ಟು ಅಂತ ಕೇಳಿದರೆ 60 ಪೈಸೆ ಅಂತ ಥಟ್ಟನೆ ಹೇಳ್ತಾನೆ. ಅದನ್ನೇ ಬೋರ್ಡಿನ ಮೇಲೆ ಅಕ್ಷರ ಹಾಕಿ ಸಮೀಕರಣ ಬರೆದರೆ ಸುಮ್ಮನಾಗುತ್ತಾನೆ. ಏಕೆಂದರೆ ಗೊತ್ತಿಲ್ಲದ ಸಂಖ್ಯೆಗೆ ಒಂದು ಹೆಸರಿಟ್ಟು, ಅದನ್ನು ಗೊತ್ತಿರುವ ಸಂಖ್ಯೆಯ ಹಾಗೆಯೇ ಆಚೀಚೆ ಸರಿಸುವ ಅಭ್ಯಾಸ ಆರು ಏಳನೆಯ ತರಗತಿಯಲ್ಲಿ ಆಗಬೇಕಾದದ್ದು. ಭಿನ್ನರಾಶಿ, ಅನುಪಾತ, ಶೇಕಡಾ, ಬಡ್ಡಿ ಲೆಕ್ಕ, ಸೊನ್ನೆಗಿಂತ ಕೆಳಗಿನ ಸಂಖ್ಯೆ, ಇವೆಲ್ಲ ಆ ಮೂರು ವರ್ಷದ ಸರಕು. ಅದು ತಪ್ಪಿದವನಿಗೆ ಹೈಸ್ಕೂಲಿನ ಗಣಿತ ಮಾತ್ರ ಅಲ್ಲ, ವಿಜ್ಞಾನವೂ ಬಾಗಿಲು ಹಾಕಿಕೊಳ್ಳುತ್ತದೆ. ಸಾಂದ್ರತೆ ಅಂದರೂ ವೇಗ ಅಂದರೂ ಒಂದನ್ನು ಇನ್ನೊಂದರಿಂದ ಭಾಗಿಸುವುದೇ ತಾನೆ?

ಭಾಷೆಯ ಕಥೆ ಇನ್ನೂ ವಿಚಿತ್ರ. ಊರಿನ ಓದುಗರು ಇದನ್ನು ಸ್ವಲ್ಪ ಗಮನಿಸಬೇಕು. ಮುಂಬಯಿಯ ಕನ್ನಡ ಶಾಲೆಯಲ್ಲಿ ಕೂತವರಲ್ಲಿ ಬಹಳಷ್ಟು ಮಂದಿಯ ಮನೆಮಾತು ಕನ್ನಡ ಅಲ್ಲ. ತುಳು, ಕೊಂಕಣಿ, ಬ್ಯಾರಿ. ಅವರಿಗೆ ಕನ್ನಡವೂ ಶಾಲೆಯಲ್ಲಿ ಕಲಿತ ಭಾಷೆಯೇ. ಅದರ ಮೇಲೆ ಮರಾಠಿ, ಹಿಂದಿ, ಇಂಗ್ಲಿಷು. ಅಂದರೆ ಹತ್ತು ಹನ್ನೆರಡು ವರ್ಷದ ಮಗು ಮೂರು ಲಿಪಿ, ನಾಲ್ಕೈದು ಭಾಷೆ ಸಂಭಾಳಿಸಬೇಕು. ದೇವನಾಗರಿ ಒಂದೇ ಲಿಪಿ ಎರಡು ಭಾಷೆಗೆ ಆಗುತ್ತದೆ ಅನ್ನುವುದೊಂದೇ ಸಮಾಧಾನ. ಇದಕ್ಕೆ ತಳಪಾಯ ಬೀಳುವುದು ಐದರಿಂದ ಏಳರೊಳಗೆ. ಏಳನೆಯ ಕೊನೆಗೆ ಮರಾಠಿ ಪತ್ರಿಕೆಯ ತಲೆಬರಹ ಓದಬಲ್ಲ ಹುಡುಗನಿಗೆ ಹೈಸ್ಕೂಲಿನಲ್ಲಿ ಆ ವಿಷಯ ಹೊರೆಯಾಗುವುದಿಲ್ಲ. ಓದಲಾರದವನು ಎಂಟನೆಯಲ್ಲಿ ಅಕ್ಷರಮಾಲೆಯಿಂದ ಶುರು ಮಾಡಬೇಕು, ಜೊತೆಯಲ್ಲೇ ವ್ಯಾಕರಣ, ಪ್ರಬಂಧ. ಹೋಟೆಲಿನಲ್ಲಿ ಗಿರಾಕಿಗಳ ಜೊತೆ ಮಾತಾಡಿ ಮಾತಾಡಿ ಹಿಂದಿ ಮರಾಠಿ ಬಾಯಿಗೆ ಬಂದಿರುತ್ತದೆ. ಆದರೆ ಬಾಯಿಗೆ ಬಂದದ್ದು ಕೈಗೆ ಬರಬೇಕಾದರೆ ವರ್ಷಗಳು ಬೇಕು.

ಇಂಗ್ಲಿಷಿನ ವಿಷಯದಲ್ಲಿ ಸರಕಾರಗಳೇ ಹುಡುಗರ ಜೊತೆ ಆಟ ಆಡಿವೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಬಿ.ಜಿ. ಖೇರ್ ಅವರ ಮುಂಬಯಿ ಸರಕಾರ ಐದರಿಂದ ಏಳರವರೆಗೆ ಇಂಗ್ಲಿಷ್ ಬೇಡ, ಎಂಟರಿಂದ ಸಾಕು ಅಂದಿತು. ಮಾತೃಭಾಷೆಯಲ್ಲಿ ತಳಪಾಯ ಗಟ್ಟಿಯಾಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಫಲ ಏನಾಯಿತು? ಮನೆಯಲ್ಲಿ ಹೇಳಿಕೊಡುವವರಿದ್ದ ಮಕ್ಕಳು ಹೇಗೋ ಕಲಿತರು. ಉಳಿದವರು ಎಂಟನೆಯ ತರಗತಿಯಲ್ಲಿ ಎ, ಬಿ, ಸಿ, ಡಿ ತಿದ್ದಿ ಮೂರು ನಾಲ್ಕು ವರ್ಷದೊಳಗೆ ಎಸ್.ಎಸ್.ಸಿ.ಗೆ ಇಂಗ್ಲಿಷ್ ಬರೆಯಬೇಕಾಯಿತು. ಮಹಾರಾಷ್ಟ್ರ ಹುಟ್ಟಿದ ಮೇಲೆ ಐದನೆಯಿಂದ ಇಂಗ್ಲಿಷ್ ಬಂತು. 2000ದಿಂದ ಒಂದನೆಯಿಂದಲೇ ಶುರುವಾಯಿತು. ನಮ್ಮ ಕರ್ನಾಟಕದಲ್ಲಿ ಸರಕಾರಿ ಶಾಲೆಗಳಿಗೆ ಒಂದನೆಯಿಂದ ಇಂಗ್ಲಿಷ್ ಬಂದದ್ದು 2007ರ ಸುಮಾರಿಗೆ. ಯಾವಾಗ ಶುರು ಮಾಡಬೇಕು ಎಂಬ ಜಗಳ ಎರಡೂ ರಾಜ್ಯಗಳಲ್ಲಿ ಇಷ್ಟು ವರ್ಷ ನಡೆಯಿತು. ಏಳನೆಯ ಕೊನೆಗೆ ಮಗುವಿಗೆ ಎಷ್ಟು ಬರಬೇಕು ಎಂಬ ಪ್ರಶ್ನೆಗೆ ಅದರ ಕಾಲು ಭಾಗ ಗಮನವೂ ಸಿಗಲಿಲ್ಲ.

ಇನ್ನೊಂದು ಬದಲಾವಣೆ ಯಾರ ಕಣ್ಣಿಗೂ ಹೆಚ್ಚು ಬೀಳಲಿಲ್ಲ. ಎಸ್.ಎಸ್.ಸಿ. ಮೊದಲು ಹನ್ನೊಂದನೆಯ ಇಯತ್ತೆಯ ಕೊನೆಗೆ ಇತ್ತು. ಎಂಟರಿಂದ ಹನ್ನೊಂದು, ನಾಲ್ಕು ವರ್ಷದ ಹೈಸ್ಕೂಲು. 1975ರಲ್ಲಿ ಮಹಾರಾಷ್ಟ್ರದಲ್ಲಿ ಹತ್ತನೆಯ ತರಗತಿಯ ಎಸ್.ಎಸ್.ಸಿ. ಬಂತು, ಹೈಸ್ಕೂಲು ಮೂರು ವರ್ಷಕ್ಕೆ ಇಳಿಯಿತು. ಹಗಲು ಶಾಲೆಯ ಮಗುವಿಗೆ ಇದು ಅಷ್ಟಾಗಿ ತಟ್ಟಲಿಲ್ಲ. ರಾತ್ರಿ ಶಾಲೆಯವನಿಗೆ ತಟ್ಟಿತು. ದಿನಕ್ಕೆ ಮೂರು ಗಂಟೆಯ ಪಾಠ ಅವನದು, ಹಿಂದಿನ ಕೊರತೆ ತುಂಬಿಕೊಳ್ಳಲು ಇದ್ದ ಒಂದು ವರ್ಷವೂ ಹೋಯಿತು. ಮಿಡ್ಲ್ ಸ್ಕೂಲಿನಲ್ಲಿ ಕಲಿತು ಬಂದವನಿಗೂ ಕಲಿಯದೆ ಬಂದವನಿಗೂ ನಡುವಿನ ಅಂತರ ಇನ್ನಷ್ಟು ಹೆಚ್ಚಾಯಿತು. ಆ ಮೇಲೆ ಹತ್ತನೆಯಲ್ಲಿ ಒಂದೆರಡು ವಿಷಯ ಉಳಿಸಿಕೊಂಡು, ಅಕ್ಟೋಬರಿಗೆ ಕಟ್ಟಿ, ಮತ್ತೆ ಮಾರ್ಚಿಗೆ ಕಟ್ಟಿ, ಕೊನೆಗೆ ಕೈಬಿಟ್ಟವರು ಎಷ್ಟೋ ಜನ. ಅವರು ಹತ್ತನೆಯಲ್ಲಿ ಸೋತರು ಅಂತ ನಾವು ಹೇಳುತ್ತೇವೆ. ಗಟ್ಟಿಯಾಗಿ ನೋಡಿದರೆ ಅವರು ಸೋತದ್ದು ಆರನೆಯಲ್ಲಿ, ಅದೂ ಊರಿನಲ್ಲಿ, ಗದ್ದೆ ಕೆಲಸಕ್ಕೆ ಶಾಲೆ ಬಿಟ್ಟ ದಿನ.

ಹಾಗಾದರೆ ರಾತ್ರಿ ಶಾಲೆ ಗೆದ್ದದ್ದು ಎಲ್ಲಿ? ಒಳ್ಳೆಯ ರಾತ್ರಿ ಶಾಲೆಗಳು ಹೈಸ್ಕೂಲನ್ನು ಮಾತ್ರ ನಡೆಸಲಿಲ್ಲ, ಕೆಳಗಿನ ತರಗತಿಗಳನ್ನೂ ಇಟ್ಟುಕೊಂಡವು. ಐದೋ ಆರೋ ಬಿಟ್ಟುಬಂದ ಹುಡುಗನನ್ನು, ವಯಸ್ಸು ಎಷ್ಟೇ ಆಗಿರಲಿ, ಅಲ್ಲಿಂದಲೇ ಎತ್ತಿಕೊಂಡವು. ಹದಿನಾರು ವರ್ಷದವನು ಆರನೆಯ ಪುಸ್ತಕ ಹಿಡಿದರೆ ಹಗಲು ಶಾಲೆಯಲ್ಲಿ ನಗುತ್ತಾರೆ. ಇಲ್ಲಿ ಪಕ್ಕದವನೂ ಅಷ್ಟೇ ವಯಸ್ಸಿನವನು, ಅವನ ಕೈಯಲ್ಲೂ ಸೋಡಾ ಪುಡಿಯ ಬಿರುಕು. ನಾಚಿಕೆ ಅನ್ನುವುದು ಕಲಿಕೆಗೆ ದೊಡ್ಡ ಶತ್ರು. ಅದನ್ನು ತೆಗೆದುಹಾಕಿದ್ದೇ ಈ ಶಾಲೆಗಳ ದೊಡ್ಡ ಉಪಕಾರ.

ಎರಡನೆಯದು ಅಭ್ಯಾಸ. ಊರಿನ ಶಾಲೆಯಲ್ಲಿ ಒಬ್ಬರೇ ಮಾಸ್ಟ್ರು ಎಲ್ಲ ವಿಷಯ ಹೇಳಿಕೊಡುತ್ತಿದ್ದರು. ಹೈಸ್ಕೂಲಿನಲ್ಲಿ ಪೀರಿಯಡ್ಡಿಗೆ ಒಬ್ಬರು. ಒಬ್ಬರು ಬರೆಸುತ್ತಾರೆ, ಇನ್ನೊಬ್ಬರು ಬರೀ ಹೇಳುತ್ತಾರೆ, ಮತ್ತೊಬ್ಬರು ಪುಸ್ತಕ ಓದಿಕೊಂಡು ಬನ್ನಿ ಅನ್ನುತ್ತಾರೆ. ಯಾರ ಪಾಠಕ್ಕೆ ಹೇಗೆ ಕೂರಬೇಕು, ತಾನೇ ಟಿಪ್ಪಣಿ ಹೇಗೆ ಮಾಡಿಕೊಳ್ಳಬೇಕು, ಮನೆಗೆಲಸವನ್ನು ಯಾವಾಗ ಮುಗಿಸಬೇಕು, ಇದನ್ನು ಯಾವ ಪಠ್ಯಪುಸ್ತಕವೂ ಕಲಿಸುವುದಿಲ್ಲ. ಆರು ಏಳನೆಯ ತರಗತಿಯಲ್ಲೇ ಎರಡು ಮೂರು ಮಾಸ್ಟ್ರುಗಳ ಕೈಯಲ್ಲಿ ಪಳಗಿದವನಿಗೆ ಎಂಟನೆಯದು ಹೊಸ ಊರಿನಂತೆ ಕಾಣುವುದಿಲ್ಲ. ಹೋಟೆಲಿನ ಹುಡುಗನಿಗೆ ಮನೆಯೇ ಇಲ್ಲ, ಮನೆಗೆಲಸ ಎಲ್ಲಿಂದ? ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಸಿಗುವ ಗಂಟೆಯಲ್ಲಿ ಮಲಗುವುದೋ ಓದುವುದೋ ಅವನೇ ತೀರ್ಮಾನಿಸಬೇಕು. ಈ ವಿಷಯದಲ್ಲಿ ಧಣಿಗಳ ಪಾತ್ರವನ್ನೂ ಹೇಳಬೇಕು. ಸಂಜೆ ಆರಕ್ಕೆ, ಗಿರಾಕಿ ತುಂಬುವ ಹೊತ್ತಿಗೆ, ಹುಡುಗನನ್ನು ಶಾಲೆಗೆ ಬಿಟ್ಟ ಧಣಿಗಳಿದ್ದರು. ಅವರಲ್ಲಿ ಕೆಲವರು ತಾವೇ ಹಾಗೆ ಓದಿದವರು. ಬಿಡದವರೂ ಇದ್ದರು. ಎಲ್ಲವನ್ನೂ ತ್ಯಾಗ, ಔದಾರ್ಯ ಅಂತ ಹಾಡಿ ಹೊಗಳುವುದು ಬೇಡ. ಹನ್ನೆರಡು ವರ್ಷದ ಮಗು ಹದಿನಾಲ್ಕು ಗಂಟೆ ದುಡಿಯುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಕಾನೂನೂ ಹಾಗೆಯೇ ಹೇಳಿತು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲಿನಲ್ಲಿ, ಮನೆಗೆಲಸದಲ್ಲಿ ದುಡಿಸುವುದನ್ನು ನಿಷೇಧಿಸಲಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆ, 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಎಂಟನೆಯವರೆಗಿನ ಶಿಕ್ಷಣವನ್ನು ಮಗುವಿನ ಹಕ್ಕು ಮಾಡಿತು. ಊರಿನಲ್ಲೂ ಶಾಲೆಗಳು ಹೆಚ್ಚಾದವು, ಮಧ್ಯಾಹ್ನದ ಊಟ ಬಂತು. ಈಗ ಕರಾವಳಿಯ ಮಗು ಐದನೆಯದು ಬಿಟ್ಟು ಮುಂಬಯಿ ರೈಲು ಹತ್ತುವುದು ಅಪರೂಪ. ರಾತ್ರಿ ಶಾಲೆಗಳ ಬೆಂಚು ಖಾಲಿಯಾದದ್ದಕ್ಕೆ ಇದೂ ಒಂದು ಕಾರಣ. ಇದಕ್ಕೆ ಯಾರೂ ಅಳಬೇಕಾಗಿಲ್ಲ. ಅಳಬೇಕಾದ ವಿಷಯ ಬೇರೆ ಇದೆ.

ಅದು ಹಗಲು ಶಾಲೆಯದು. 1920ರ ಮುಂಬಯಿ ನಗರ ಪ್ರಾಥಮಿಕ ಶಿಕ್ಷಣ ಕಾಯಿದೆಯ ಕಾಲದಿಂದ ಇಲ್ಲಿಯ ಮಹಾನಗರಪಾಲಿಕೆಯ ಹೊಣೆ ಪ್ರಾಥಮಿಕ ಶಿಕ್ಷಣ. ಹಲವು ಭಾಷೆಗಳಲ್ಲಿ ಶಾಲೆ ನಡೆಸುವ ಈ ಪಾಲಿಕೆ ಕನ್ನಡಕ್ಕೂ ಜಾಗ ಕೊಟ್ಟಿತು. ಪುಣೆಯ ಬಾಲಭಾರತಿ ಸಂಸ್ಥೆ, 1967ರಲ್ಲಿ ಹುಟ್ಟಿದ್ದು, ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚುಹಾಕುತ್ತ ಬಂದಿದೆ. ಹೊರರಾಜ್ಯವೊಂದು ಇಷ್ಟು ಮಾಡಿದ್ದು ಸಣ್ಣ ಮಾತಲ್ಲ. ಆದರೆ ಪಾಲಿಕೆಯ ಕನ್ನಡ ಶಾಲೆ ಸಾಮಾನ್ಯವಾಗಿ ಏಳನೆಯದಕ್ಕೆ ಮುಗಿಯುತ್ತಿತ್ತು. ಎಂಟನೆಯದಕ್ಕೆ ಕನ್ನಡ ಹೈಸ್ಕೂಲು ಬೇಕಾದರೆ ಎರಡು ರೈಲು ಬದಲಿಸಿ ಹೋಗಬೇಕು. ಇಲ್ಲವಾದರೆ ಮನೆ ಪಕ್ಕದ ಮರಾಠಿಯೋ ಹಿಂದಿಯೋ ಇಂಗ್ಲಿಷೋ ಮಾಧ್ಯಮಕ್ಕೆ ಸೇರಬೇಕು. ಗಂಡುಹುಡುಗ ರೈಲು ಹತ್ತಿದ. ಹೆಣ್ಣುಮಗುವನ್ನು ಅಷ್ಟು ದೂರ ಕಳಿಸಲು ಮನೆಯವರು ಹಿಂದೆಮುಂದೆ ನೋಡಿದರು. ರಾತ್ರಿ ಶಾಲೆಯಂತೂ ಹೆಚ್ಚುಕಮ್ಮಿ ಗಂಡಸರ ಲೋಕ. ನಮ್ಮ ಪುರಾಣದಲ್ಲಿ ಹುಡುಗಿಯರ ಹೆಸರು ಕಾಣದಿರುವುದಕ್ಕೆ ಕಾರಣ ಅವರಿಗೆ ಓದು ಬರಲಿಲ್ಲ ಅಂತಲ್ಲ. ಏಳನೆಯ ಇಯತ್ತೆಯ ಆಚೆಗೆ ಅವರಿಗೆ ದಾರಿಯೇ ಇರಲಿಲ್ಲ.

ಮಾಧ್ಯಮ ಬದಲಿಸಿದ ಮಕ್ಕಳ ಪಾಡು ನೋಡಿ. ಏಳನೆಯವರೆಗೆ ದ್ಯುತಿಸಂಶ್ಲೇಷಣೆ, ಲಸಾಅ, ಕರ್ಣ ಅಂತ ಕಲಿತದ್ದು ಎಂಟನೆಯ ಮೊದಲ ದಿನವೇ ಬೇರೆ ಹೆಸರು ಹೊತ್ತು ನಿಲ್ಲುತ್ತದೆ. ಮಗುವಿಗೆ ವಿಷಯ ಗೊತ್ತು, ಹೆಸರು ಗೊತ್ತಿಲ್ಲ. ಮಾಸ್ಟ್ರಿಗೆ ಅದು ಏನೂ ಗೊತ್ತಿಲ್ಲದ ಮಗುವಿನ ಹಾಗೆ ಕಾಣುತ್ತದೆ. ಇಲ್ಲಿಯ ಕೆಲವು ಕನ್ನಡ ಶಿಕ್ಷಕರು ಇದಕ್ಕೆ ಸುಲಭ ಉಪಾಯ ಮಾಡಿಕೊಂಡಿದ್ದರು. ಏಳನೆಯದರಲ್ಲಿ ಗಣಿತ, ವಿಜ್ಞಾನದ ಮುಖ್ಯ ಪದಗಳನ್ನು ಕನ್ನಡದ ಎದುರಿಗೆ ಮರಾಠಿ, ಇಂಗ್ಲಿಷಿನಲ್ಲೂ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬರೆಸುವುದು. ವರ್ಷಕ್ಕೆ ನೂರು ನೂರೈವತ್ತು ಪದ. ಖರ್ಚು ಏನೂ ಇಲ್ಲ. ಮಹಾರಾಷ್ಟ್ರದ ಶಿಷ್ಯವೃತ್ತಿ ಪರೀಕ್ಷೆಗೆ ಮಕ್ಕಳನ್ನು ಕೂರಿಸುವುದು ಇನ್ನೊಂದು ಉಪಾಯ. ಮೊದಲು ನಾಲ್ಕು ಮತ್ತು ಏಳನೆಯ ಮಕ್ಕಳಿಗೆ ಇದ್ದದ್ದು, 2016–17ರಲ್ಲಿ ಐದು ಮತ್ತು ಎಂಟನೆಯವರಿಗೆ ಆಯಿತು. ಹಣ ಸಿಗುವುದು ಕೆಲವರಿಗೆ. ಆದರೆ ಅದಕ್ಕಾಗಿ ತಯಾರಿ ಮಾಡಿದ ಇಡೀ ತರಗತಿ ಕಂಠಪಾಠ ಬಿಟ್ಟು ಯೋಚಿಸಿ ಉತ್ತರ ಹುಡುಕುವುದನ್ನು ಕಲಿಯಿತು.

ಇಷ್ಟನ್ನೂ ಊರಿನ ಓದುಗರಿಗೆ ಯಾಕೆ ಹೇಳಬೇಕು ಅಂದರೆ, ಈ ಕಥೆ ಈಗ ಕರ್ನಾಟಕದೊಳಗೂ ನಡೆಯುತ್ತಿದೆ. ನಮ್ಮಲ್ಲೂ ಎಂಟನೆಯದು ಹೈಸ್ಕೂಲಿನ ಮೊದಲ ವರ್ಷ. ಹಳ್ಳಿಯ ಕನ್ನಡ ಶಾಲೆಯಲ್ಲಿ ಏಳು ಮುಗಿಸಿದ ಮಗುವನ್ನು ಎಂಟನೆಯದಕ್ಕೆ ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ ಹಾಕುವ ತಂದೆತಾಯಿ ಎಲ್ಲ ತಾಲೂಕಿನಲ್ಲೂ ಇದ್ದಾರೆ. ಅವರನ್ನು ಬಯ್ದು ಪ್ರಯೋಜನವಿಲ್ಲ. ಆ ಮಗುವಿಗೆ ಆರು ಏಳರಲ್ಲೇ ಸೇತುವೆ ಕಟ್ಟಿಕೊಟ್ಟಿದ್ದೇವೆಯೇ ಅಂತ ಕೇಳಿಕೊಳ್ಳಬೇಕು. ಇನ್ನೊಂದು ಕಡೆ, ಕಲಬುರಗಿ, ಯಾದಗಿರಿ, ವಿಜಯಪುರದಿಂದ ಮುಂಬಯಿ, ಪುಣೆಗೆ ಕಟ್ಟಡದ ಕೆಲಸಕ್ಕೆ ಬರುವ ಕುಟುಂಬಗಳು ಇವತ್ತಿಗೂ ಇವೆ. ಅವರ ಜೊತೆ ಬರುವ ಹನ್ನೊಂದು ಹನ್ನೆರಡು ವರ್ಷದ ಹುಡುಗಿ ತಮ್ಮನನ್ನು ಎತ್ತಿಕೊಂಡು ಸಿಮೆಂಟಿನ ಚೀಲದ ಪಕ್ಕ ಕೂತಿರುತ್ತಾಳೆ. ಅರ್ಧ ವರ್ಷ ಇಲ್ಲಿ, ಅರ್ಧ ವರ್ಷ ಅಲ್ಲಿ. ಎರಡೂ ಕಡೆಯ ಹಾಜರಿ ಪುಸ್ತಕದಲ್ಲಿ ಅವಳಿಲ್ಲ. ಅವಳಿಗೆ ಮೊಗವೀರ ಮಂಡಳಿ ಇಲ್ಲ, ಬಿಲ್ಲವರ ಸಂಘ ಇಲ್ಲ, ರಾತ್ರಿ ಶಾಲೆಗೆ ಬಿಡುವ ಧಣಿಯೂ ಇಲ್ಲ.

ನಮ್ಮ ಹಿರಿಯರು ಮಾಡಿದ್ದು ಏನೆಂದರೆ, ಸರಕಾರ 'ಫೈನಲ್' ಅಂತ ಹೆಸರಿಟ್ಟು ಮುಗಿಸಿದ ಜಾಗದಿಂದ ಮುಂದಕ್ಕೆ ದಾರಿ ಕಡಿದದ್ದು. ಅದಕ್ಕೆ ಅವರು ಬಳಸಿದ್ದು ದೊಡ್ಡ ಸಿದ್ಧಾಂತವಲ್ಲ. ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಶುರು ಮಾಡುವುದು, ಭಿನ್ನರಾಶಿ ಬರದವನಿಗೆ ಬೀಜಗಣಿತದ ಮೊದಲು ಭಿನ್ನರಾಶಿ ಹೇಳಿಕೊಡುವುದು, ವಯಸ್ಸು ಕೇಳಿ ನಗದಿರುವುದು. ರಾತ್ರಿ ಶಾಲೆಗಳ ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಹತ್ತನೆಯ ಪಾಸಾದವರ ಫೋಟೋ ಹಾಕುತ್ತೇವೆ. ಆರನೆಯದಕ್ಕೆ ಸೇರಿಸಿಕೊಂಡ ಮಾಸ್ಟ್ರ ಹೆಸರನ್ನೂ ಒಂದು ಮೂಲೆಯಲ್ಲಿ ಹಾಕಿದರೆ ಲೆಕ್ಕ ಸರಿಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಊರಿನಿಂದ ದುಡಿಮೆಗೆ ಹೊರಡುವ ಕುಟುಂಬದ ಕೈಗೆ ಮಗುವಿನ ವರ್ಗಾವಣೆ ಪತ್ರವನ್ನು ತಕರಾರಿಲ್ಲದೆ ಕೊಟ್ಟು, ಯಾವ ಪಾಠದವರೆಗೆ ಆಗಿದೆ ಅಂತ ಅದರ ಹಿಂದೆ ಎರಡು ಸಾಲು ಬರೆದುಕೊಡುವ ಒಬ್ಬ ಮಾಸ್ಟ್ರು ಪ್ರತಿ ಊರಿನಲ್ಲೂ ಬೇಕು. ಇಲ್ಲಿ ಉಳಿದಿರುವ ಕನ್ನಡ ಶಾಲೆಗಳಿಗೆ ಅಷ್ಟು ಸಿಕ್ಕರೆ ಉಳಿದದ್ದನ್ನು ಅವು ಮಾಡಬಲ್ಲವು. ಹಿಂದೆ ಮಾಡಿದ್ದವು.